ಕೆಂಪು ಮಣ್ಣಿನ ದಾಯಾದಿ

ವಿಡಿಯೋ ಕ್ಯಾಸೆಟ್ಟಿನೊಳಗೆ ಚಿತ್ರ ಇರುವುದಿಲ್ಲ. ಸಿನಿಮಾ ರೀಲಾದರೆ ಬೆಳಕಿಗೆ ಹಿಡಿದು ನೋಡಬಹುದು. ಪುಟ್ಟ ಚೌಕದಲ್ಲಿ ರಾಜ್‌ಕುಮಾರ್ ಕತ್ತಿ ಎತ್ತಿ ನಿಂತಿರುತ್ತಾರೆ, ಮುಂದಿನ ಚೌಕದಲ್ಲಿ ಆ ಕತ್ತಿ ಕೂದಲೆಳೆಯಷ್ಟು ಮೇಲೆ ಹೋಗಿರುತ್ತದೆ. ಕ್ಯಾಸೆಟ್ಟಿನ ಪಕ್ಕದ ಸಣ್ಣ ಗುಂಡಿ ಒತ್ತಿ, ಮುಂದಿನ ಮುಚ್ಚಳ ಎತ್ತಿದರೆ ಕಾಣುವುದು ಅರ್ಧ ಅಂಗುಲ ಅಗಲದ ಹೊಳೆಯುವ ಕಂದು ಪಟ್ಟಿಯೊಂದೇ. ಭೂತಗನ್ನಡಿ ಹಿಡಿದರೂ ಏನೂ ಕಾಣದು. ಇದರಲ್ಲಿ ಗೃಹಪ್ರವೇಶ ಇದೆ, ಓಲಗ ಇದೆ, ಹಾಲು ಉಕ್ಕಿದ್ದು ಇದೆ ಎಂದರೆ ಹೇಳಿದವರ ಮಾತು ನಂಬಬೇಕು, ಅಷ್ಟೆ.

ಆ ಕಂದು ಯಾವುದರದು ಎಂದು ಕೇಳಿದರೆ ಬೆರಗು ಇನ್ನೊಂದು ಸುತ್ತು ಏರುತ್ತದೆ. ಪಾಲಿಯೆಸ್ಟರ್ ಪಟ್ಟಿಯ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಕಬ್ಬಿಣದ ಆಕ್ಸೈಡಿನದು ಆ ಬಣ್ಣ. ಎರಡು ಕಬ್ಬಿಣದ ಪರಮಾಣುವಿಗೆ ಮೂರು ಆಮ್ಲಜನಕದ ಪರಮಾಣು, ಇದು ಅದರ ಲೆಕ್ಕ. ಬೆಂಗಳೂರಿನ ನಮ್ಮ ಬೇಗೂರಿನ ಯಾವುದಾದರೂ ಸೈಟಿನಲ್ಲಿ ಪಾಯ ತೋಡುವಾಗ ನಿಂತು ನೋಡಿ. ಜೆಸಿಬಿಯ ಹಲ್ಲಿಗೆ ಮೆತ್ತಿಕೊಂಡು ಮೇಲೆ ಬರುವ ಕೆಮ್ಮಣ್ಣಿಗೆ ಬಣ್ಣ ಕೊಟ್ಟಿರುವ ಹೆಮಟೈಟ್‌ನ ಲೆಕ್ಕವೂ ಅದೇ, ಎರಡಕ್ಕೆ ಮೂರು. ಪರಮಾಣುಗಳು ಕೂತಿರುವ ರೀತಿ ಮಾತ್ರ ಬೇರೆ. ಮಣ್ಣಿನೊಳಗಿನದು ಅಯಸ್ಕಾಂತಕ್ಕೆ ಹೆಚ್ಚುಕಡಿಮೆ ಕಿವುಡು. ಕ್ಯಾಸೆಟ್ಟಿನೊಳಗಿನದು, ರಸಾಯನಶಾಸ್ತ್ರದವರು ಗಾಮಾ ಫೆರಿಕ್ ಆಕ್ಸೈಡ್ ಎನ್ನುವುದು, ಒಮ್ಮೆ ಹೇಳಿದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಡಿತ ಇನ್ನಷ್ಟು ಗಟ್ಟಿಯಾಗಲೆಂದು ವಿಡಿಯೋ ಟೇಪಿನದಕ್ಕೆ ಒಂದಿಷ್ಟು ಕೋಬಾಲ್ಟ್ ಬೆರೆಸುತ್ತಿದ್ದರು. ಒಟ್ಟಿನಲ್ಲಿ ನಾವು ಓಡಾಡುವ ನೆಲದ ಬಣ್ಣಕ್ಕೂ ಬೀರುವಿನ ಮೇಲಿರುವ ಕ್ಯಾಸೆಟ್ಟಿಗೂ ರಕ್ತಸಂಬಂಧ ಉಂಟು. ದಾಯಾದಿಗಳು.

ಬರೆಯುವ ಬಗೆಯಂತೂ ಕೇಳಿದಷ್ಟೂ ವಿಚಿತ್ರ. ನಮ್ಮಲ್ಲಿ ಬಳಕೆಯಲ್ಲಿದ್ದ ಪ್ಯಾಲ್ ಪದ್ಧತಿಯ ವಿಎಚ್‌ಎಸ್ ಟೇಪು ಸೆಕೆಂಡಿಗೆ 2.34 ಸೆಂಟಿಮೀಟರ್ ಮಾತ್ರ ಸಾಗುತ್ತದೆ, ಇರುವೆ ಹೋಗುವ ವೇಗ. ಆ ನಿಧಾನಕ್ಕೆ ಚಿತ್ರ ಬರೆಯಲಾಗದು. ಅದಕ್ಕೇ ಟೇಪು ಸುತ್ತಿಕೊಂಡು ಹೋಗುವ ಲೋಹದ ಉರುಳೆಯನ್ನೇ ತಿರುಗಿಸಿದರು: 62 ಮಿಲಿಮೀಟರ್ ವ್ಯಾಸ, ನಿಮಿಷಕ್ಕೆ 1,500 ಸುತ್ತು. ಉರುಳೆಯ ಎದುರುಬದುರು ಎರಡು ಹೆಡ್ಡು. ಒಂದೊಂದು ಹೆಡ್ಡೂ ಟೇಪಿನ ಮೇಲೆ ರಾಗಿ ಹೊಲದ ಸಾಲಿನ ಹಾಗೆ ಒತ್ತೊತ್ತಾಗಿ, ಆದರೆ ಓರೆಯಾಗಿ, ಗೆರೆ ಎಳೆಯುತ್ತ ಹೋಗುತ್ತದೆ. ಗೆರೆಯ ಉದ್ದ ಸುಮಾರು 10 ಸೆಂಟಿಮೀಟರ್, ಅಗಲ ತಲೆಗೂದಲಿಗಿಂತ ಕಡಿಮೆ. ಒಂದು ಗೆರೆ ಎಂದರೆ ಸೆಕೆಂಡಿನ ಐವತ್ತನೇ ಒಂದು ಭಾಗ. ಅದರಲ್ಲೂ ಪೂರ್ತಿ ಚಿತ್ರ ಇಲ್ಲ. ಒಂದು ಗೆರೆಯಲ್ಲಿ ಚಿತ್ರದ ಬೆಸ ಸಾಲುಗಳು, ಪಕ್ಕದ ಗೆರೆಯಲ್ಲಿ ಸಮ ಸಾಲುಗಳು. ಎರಡೂ ಹೆಡ್ಡುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಚೂರು ವಾಲಿಸಿರುತ್ತಾರೆ, ಒಂದು ಬರೆದದ್ದನ್ನು ಇನ್ನೊಂದು ಓದಬಾರದೆಂದು. ಯಾರಾದರೂ ಎವೆಯಿಕ್ಕಿದರೆ ಆ ಎವೆಯಿಕ್ಕುವ ಹೊತ್ತು ಟೇಪಿನ ಮೇಲೆ ಹತ್ತು ಹದಿನೈದು ಗೆರೆಗಳಾಗಿ, ಮುಕ್ಕಾಲು ಸೆಂಟಿಮೀಟರಿನೊಳಗೆ ಮಲಗಿರುತ್ತದೆ. ತಾಳಿ ಕಟ್ಟುವ ಒಂದು ನಿಮಿಷಕ್ಕೆ ಒಂದು ಮೀಟರ್ ನಲವತ್ತು. ಮೂರು ಗಂಟೆಯ ಕ್ಯಾಸೆಟ್ಟು ಬಿಚ್ಚಿದರೆ ಕಾಲು ಕಿಲೋಮೀಟರ್.

ಉರುಳೆ ನಿಂತರೆ ಏನೂ ಇಲ್ಲ. ತಿರುಗಿದರಷ್ಟೇ ಮುಖ.

1976ರಲ್ಲಿ ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ಅನ್ನು ಪೇಟೆಗೆ ತಂದಿತು. 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗಾ ಅವರ ಕನಸಿನಂತೆ ನಮ್ಮ ಹೋಬಳಿಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬುನಾದಿ ಹಾಕಿತು. ಎರಡೂ ಬೇಗೂರಿನ ಮನೆಗಳಿಗೆ ತಲುಪಿದ್ದು ತಡವಾಗಿ, ಹೆಚ್ಚುಕಡಿಮೆ ಒಟ್ಟಿಗೆ. ತೊಂಬತ್ತರ ದಶಕದ ಮೊದಲಲ್ಲಿ ಹೆಗಲ ಮೇಲೆ ದೊಡ್ಡ ಕ್ಯಾಮೆರಾ ಹೊತ್ತವನೊಬ್ಬ, ಅವನ ಹಿಂದೆ ಲೈಟು ಹಿಡಿದ ಹುಡುಗನೊಬ್ಬ, ಆ ಹುಡುಗನ ಹಿಂದೆ ವೈರು ಎಳೆಯುತ್ತಾ ಮನೆಮಕ್ಕಳು. ಇಷ್ಟಿದ್ದರೆ ಅದು ಅನುಕೂಲಸ್ಥರ ಶುಭಕಾರ್ಯ.

ನಮ್ಮ ಚಿಕ್ಕಪ್ಪ ಬೇಗೂರಿನಲ್ಲಿ ಮನೆ ಕಟ್ಟಿಸಿ ಮಾಡಿದ ಗೃಹಪ್ರವೇಶದ ಕ್ಯಾಸೆಟ್ಟು ಹಾಗೆ ಹುಟ್ಟಿದ್ದು. ಅದನ್ನು ಪೆನ್‌ಡ್ರೈವ್‌ಗೆ ಹಾಕಿಸಬೇಕೆಂದು ಮುಖ್ಯರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯ ಅಂಗಡಿಯೊಂದಕ್ಕೆ ಒಯ್ದೆ. ಜೆರಾಕ್ಸ್, ಲ್ಯಾಮಿನೇಷನ್, ಅರ್ಜೆಂಟ್ ಪಾಸ್‌ಪೋರ್ಟ್ ಫೋಟೊ ಅಲ್ಲಿಯ ನಿತ್ಯದ ವ್ಯಾಪಾರ. ಅಂಗಡಿಯವರು ಒಂದು ಕಾಲಕ್ಕೆ ತಾವೇ ಮದುವೆ ಶೂಟಿಂಗ್ ಮಾಡಿದವರು. ಒಳಗಿನ ಮೇಜಿನ ಮೇಲೆ ಹಳೆಯ ವಿಸಿಆರ್, ಅದರಿಂದ ಹೊರಟ ಹಳದಿ, ಕೆಂಪು, ಬಿಳಿ ವೈರುಗಳು ಬೆರಳುದ್ದದ ಡಬ್ಬಿಯೊಂದರ ಮೂಲಕ ಲ್ಯಾಪ್‌ಟಾಪಿಗೆ. ಕ್ಯಾಸೆಟ್ಟನ್ನು ನೇರ ತುರುಕುವ ಜಾಯಮಾನದವರಲ್ಲ ಅವರು. ಮೊದಲು ಕಿಟಕಿಯಲ್ಲಿ ಬೆಳಕಿಗೆ ಓರೆ ಮಾಡಿ ಸುರುಳಿಯ ಅಂಚು ನೋಡಿದರು. ಬಿಳಿ ಪುಡಿ ಕಂಡರೆ ಬೂಸ್ಟು ಹಿಡಿದಿದೆ ಎಂದರ್ಥ. ಅದನ್ನು ಹಾಗೇ ಹಾಕಿದರೆ ಹೆಡ್ಡಿಗೂ ಅಂಟಿ, ಮುಂದಿನ ಗಿರಾಕಿಯ ಕ್ಯಾಸೆಟ್ಟಿಗೂ ಅಂಟುತ್ತದೆ. ನಮ್ಮದರಲ್ಲಿ ಅಂಚಿಗೆ ಮಾತ್ರ ಸ್ವಲ್ಪ ಇತ್ತು. ಹಿಂಬದಿಯ ಐದು ಸ್ಕ್ರೂ ಬಿಚ್ಚಿ, ಸುರುಳಿಗಳನ್ನು ಹೊರಗೆ ತೆಗೆದು, ಒರೆಸಿ, ಬೇರೊಂದು ಕ್ಯಾಸೆಟ್ಟಿನ ಖಾಲಿ ಗೂಡಿಗೆ ಕೂರಿಸಿದರು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಉರುಳೆ ಒರೆಸಿದರು. ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದೆ.

“ಮೂರು ಗಂಟೆ ಕ್ಯಾಸೆಟ್ಟಿಗೆ ಮೂರು ಗಂಟೇನೇ ಬೇಕು ಸಾರ್. ಇದರಲ್ಲಿ ಫಾಸ್ಟು ಗೀಸ್ಟು ಏನೂ ಇಲ್ಲ.”

ಎಲ್ಲವನ್ನೂ ಕ್ಷಣದಲ್ಲಿ ಕಾಪಿ ಮಾಡುವ ಊರಿನಲ್ಲಿ ಈ ಮಾತು ಕೇಳಿ ಖುಷಿಯಾಯಿತು. ಫೈಲು ಎಂದರೆ ಅಂಕಿಗಳು, ಎಷ್ಟು ಬೇಗ ಬೇಕಾದರೂ ಸಾಗಿಸಬಹುದು. ಟೇಪಿನಲ್ಲಿರುವುದು ಹೊತ್ತು. ಹಾಲು ಕಾಯಲು ಅಂದು ಎಷ್ಟು ಹೊತ್ತು ಹಿಡಿಯಿತೋ ಇಂದೂ ಅಷ್ಟೇ ಹಿಡಿಯುತ್ತದೆ. ಕುರ್ಚಿ ಎಳೆದುಕೊಂಡು ಕೂತೆ.

ಮೊದಲಿನ ಭಾಗ ಎಲ್ಲರ ಮನೆಯ ಕ್ಯಾಸೆಟ್ಟಿನಂತೆಯೇ. ಹೃದಯದ ಆಕಾರದೊಳಗಿಂದ ಗಣಪತಿ ಮೂಡಿ ಬಂದ. ಹಸು ಹೊಸಿಲು ದಾಟಲು ಒಲ್ಲೆನೆಂದಿತು, ಹಿಂದಿನಿಂದ ನಾಲ್ಕು ಜನ ದಬ್ಬಿದರು. ಇದಿಷ್ಟಕ್ಕೂ ಮೂಲದ ಸದ್ದು ಇಲ್ಲ. ಆಗ ‘ಮಿಕ್ಸಿಂಗ್’ ಎಂದು ಮಾಡುತ್ತಿದ್ದರಲ್ಲ, ಮಂತ್ರ, ಓಲಗ, ಹೆಂಗಸರ ಮಾತು, ಹಸುವಿನ ಗಂಟೆ ಎಲ್ಲವನ್ನೂ ಅಳಿಸಿ ಸಿನಿಮಾ ಹಾಡು ಕೂರಿಸುತ್ತಿದ್ದರು. ಚೆನ್ನಾಗಿ ಕಾಣಲೆಂದೇ ಮಾಡಿದ್ದು, ಅದಕ್ಕೆ ಹೆಚ್ಚಿನ ದುಡ್ಡು ಬೇರೆ. ಹಾಡು ಇವತ್ತಿಗೂ ಎಲ್ಲೆಂದರಲ್ಲಿ ಸಿಗುತ್ತದೆ. ಅಳಿಸಿಹೋದದ್ದು ಸಿಗುವುದಿಲ್ಲ. ಜನರೋ, ಕ್ಯಾಮೆರಾ ತಮ್ಮತ್ತ ತಿರುಗಿದೊಡನೆ ಫೋಟೊಕ್ಕೆ ನಿಂತವರಂತೆ ಉಸಿರು ಬಿಗಿಹಿಡಿದು ನೆಟ್ಟಗಾಗುತ್ತಾರೆ. ಒಂದು ಕಡೆ ಹಾಡಿನ ನಡುವೆ ತಪ್ಪಿಸಿಕೊಂಡು ಕ್ಯಾಮೆರಾದವನ ದನಿ ಕೇಳುತ್ತದೆ: “ಸ್ವಲ್ಪ ಅಲ್ಲಾಡ್ರೀ, ಇದು ವಿಡಿಯೋ!” ಆಗ ಸಾಲಾಗಿ ನಿಂತವರೆಲ್ಲ ಒಟ್ಟಿಗೆ ತಲೆ ಅಲ್ಲಾಡಿಸಿದರು.

ಆಮೇಲೆ ಊಟದ ಹೊತ್ತು. ಕ್ಯಾಮೆರಾದವನೂ ಎಲೆಗೆ ಕೂತಿರಬೇಕು. ಕ್ಯಾಮೆರಾವನ್ನು ಮೇಜಿನ ಮೇಲೋ ಕಿಟಕಿಯ ಕಟ್ಟೆಯ ಮೇಲೋ ಇಟ್ಟು ಹೋಗಿದ್ದಾನೆ, ನಿಲ್ಲಿಸುವುದು ಮರೆತಿದೆ. ಮಿಕ್ಸಿಂಗ್ ಮಾಡಿದವನೂ ಇಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿದ್ದನೋ ಏನೋ, ಹಾಡಿಲ್ಲ, ಹೃದಯವಿಲ್ಲ. ಚೌಕಟ್ಟು ಒಂದು ಬದಿಗೆ ವಾಲಿದೆ. ಎಡಕ್ಕೆ ಶಾಮಿಯಾನದ ಕಂಬ. ಬಲಕ್ಕೆ ಇನ್ನೂ ಬಣ್ಣ ಕಾಣದ ಗೋಡೆಯ ಮೂಲೆ. ನಡುವೆ ಒಂದು ಸೀಳಿನಲ್ಲಿ ಹೊಲ, ಹೊಲದ ಆಚೆ ನೀಲಗಿರಿ ತೋಪು, ಅದರಾಚೆ ಏನೂ ಇಲ್ಲ. ಆಕಾಶ. ಇವತ್ತು ಅದೇ ದಿಕ್ಕಿಗೆ ನಿಂತರೆ ಎಷ್ಟನೆಯ ಮಹಡಿಯವರೆಗೆ ಕತ್ತು ಎತ್ತಬೇಕೆಂದು ನಾನು ಲೆಕ್ಕ ಹಾಕುವುದಿಲ್ಲ.

ಆ ಸೀಳಿನ ಮುಂದೆ ಕಾಲುಗಳು ಹಾಯುತ್ತವೆ. ಚಪ್ಪಲಿ ಬಿಟ್ಟ ಕಾಲು, ಸೀರೆಯ ನೆರಿಗೆ ಎತ್ತಿ ಹಿಡಿದ ಕಾಲು, ಸಾರಿನ ಬಕೆಟ್ಟು ಮೊಣಕಾಲಿಗೆ ತಾಗಿಸಿಕೊಂಡು ಓಡುವ ಕಾಲು. ಮಾತು ಮಾತ್ರ ನಿಚ್ಚಳ. ಒಬ್ಬರು ಬೋರ್‌ವೆಲ್ ಎಷ್ಟು ಅಡಿಗೆ ನೀರು ಕೊಟ್ಟಿತೆಂದು ಕೇಳುತ್ತಾರೆ. ಇನ್ನೊಬ್ಬರು ಫೋನಿಗೆ ಅರ್ಜಿ ಹಾಕಿ ವರ್ಷಗಳಾದವು ಎನ್ನುತ್ತಾರೆ. ಸಂಜೆಯ ಬಿಟಿಎಸ್ ಬಸ್ಸು ತಪ್ಪಿದರೆ ಹೇಗೆ ಎಂಬುದು ಹೆಂಗಸರ ಕಡೆಯ ಚಿಂತೆ. ವಯಸ್ಸಾದವರೊಬ್ಬರ ದನಿ, ಎಲೆಯಡಿಕೆ ಬಾಯಲ್ಲಿಟ್ಟುಕೊಂಡದ್ದು: “ಸಂಜೆಯಾದರೆ ನರಿ ಕೂಗೋ ಜಾಗಕ್ಕೆ ಬಂದ್ಯಲ್ಲಪ್ಪಾ. ಇಲ್ಲಿ ಇನ್ನ್ಯಾರು ಬಂದು ಮನೆ ಕಟ್ಟುತಾರೆ?” ಎಲ್ಲರೂ ನಕ್ಕರು. ಚಿಕ್ಕಪ್ಪನೂ ನಕ್ಕದ್ದು ಕೇಳುತ್ತದೆ, ತುಸು ತಡವಾಗಿ. ದೂರದಲ್ಲಿ ಟ್ರ್ಯಾಕ್ಟರೊಂದು ಶುರುವಾಗಿ ನಿಂತು ಮತ್ತೆ ಶುರುವಾಯಿತು. ಕೊನೆಯಲ್ಲಿ ಒಬ್ಬ ಹುಡುಗ ಬಂದು ಲೆನ್ಸಿಗೇ ಕಣ್ಣಿಟ್ಟು ನೋಡಿದ. ಪರದೆಯ ತುಂಬ ಆ ಕಣ್ಣು, ರೆಪ್ಪೆ. ಒಮ್ಮೆ ಎವೆಯಿಕ್ಕಿದ. ಅವನು ಯಾರ ಮಗ ಎಂದು ಮನೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಹಾಕಿದೆವು, ಮೂರು ಜನ ಮೂರು ಹೆಸರು ಹೇಳಿದರು.

ಅಂಗಡಿಯವರು ಮೌಸಿನ ಮೇಲೆ ಬೆರಳಿಟ್ಟು, “ಇದು ವೇಸ್ಟ್ ಸಾರ್, ಕಟ್ ಮಾಡಿಬಿಡಲಾ?” ಎಂದರು. ನನಗೆ ಇಡೀ ಕ್ಯಾಸೆಟ್ಟಿನಲ್ಲಿ ಬೇಕಾದದ್ದು ಅದೊಂದೇ ಆಗಿತ್ತು.

ಯಾರೂ ಕೇಳದೆ ಉಳಿದದ್ದು ಅದು. ಉಳಿಸಬೇಕೆಂದು ಉಳಿಸಿದ್ದನ್ನು ನಮ್ಮ ಊರಿನಲ್ಲೇ ನೋಡಬಹುದು. ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಕ್ರಿ.ಶ. 890ರ ಸುಮಾರಿನ ಶಾಸನವಿದೆ, ಗಂಗರ ಕಾಲದ್ದು. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನೆಂಬ ನಾಯಕನ ಕಡೆಯವನೊಬ್ಬ ಸತ್ತನೆಂದು ಹೇಳುವ ಕಲ್ಲು. ಬೆಂಗಳೂರು ಎಂಬ ಹೆಸರಿನ ಹಳೆಯ ಗುರುತೆಂದು ಎಲ್ಲರೂ ತೋರಿಸುವುದು ಇದನ್ನೇ. ಬೇಗೂರಿನ ಇನ್ನೊಂದು ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಗತ್ತರನೇ ತುಂಬೆಪಾಡಿಯಲ್ಲಿ ಆನೆಗಳ ಮೇಲೆ ಬಿದ್ದು ಸತ್ತ ಕಥೆ ಅದರದ್ದು, ಯುದ್ಧದ ನೂಕುನುಗ್ಗಲನ್ನು ಇಷ್ಟು ಮೈತುಂಬ ಕೆತ್ತಿದ ವೀರಗಲ್ಲುಗಳು ಕಡಿಮೆ. ಎರಡರಲ್ಲೂ ಸಾಯುವವನಿದ್ದಾನೆ, ಸತ್ತದ್ದಕ್ಕೆ ಕಾರಣವಿದೆ. ಆ ದಿನ ಬೇಗೂರಿನಲ್ಲಿ ಯಾರು ಏನು ಉಂಡರು, ಕೆರೆಯ ಕಡೆಯಿಂದ ಯಾವ ಸದ್ದು ಬರುತ್ತಿತ್ತು, ಸತ್ತವನ ಮನೆಯವರು ಯಾವ ಮಾತಿಗೆ ನಗುತ್ತಿದ್ದರು, ಒಂದೂ ಇಲ್ಲ. ಹೇಗೆ ಇರುತ್ತದೆ? ಒಂದೊಂದು ಅಕ್ಷರಕ್ಕೂ ಉಳಿಯ ಪೆಟ್ಟು ಬೀಳಬೇಕು, ಪ್ರತಿ ಪೆಟ್ಟಿಗೂ ಯಾರಾದರೂ ಕಾಸು ಕೊಡಬೇಕು. ಕಲ್ಲುಕುಟಿಗ ಉಳಿಯನ್ನು ಬಿಟ್ಟು ಊಟಕ್ಕೆ ಹೋದರೆ ಅದು ತಾನೇ ಕೆತ್ತುತ್ತ ಕೂರುವುದಿಲ್ಲ. ಮೇಜಿನ ಮೇಲೆ ಮರೆತು ಬಿಟ್ಟ ಕ್ಯಾಮೆರಾ ಕೆತ್ತಿತು. ಸಾವಿರದ ನೂರು ವರ್ಷದಲ್ಲಿ ಬೇಗೂರಿನಲ್ಲಿ ದಾಖಲಾತಿ ಎಂಬುದು ಹೀಗೆ ಸಡಿಲಾದದ್ದು ನನಗೆ ಚಂದ್ರಯಾನಕ್ಕಿಂತ ಕಡಿಮೆ ಅದ್ಭುತವಾಗಿ ಕಾಣುವುದಿಲ್ಲ.

ಹಾಗೆಂದು ಕಲ್ಲನ್ನು ಹಗುರ ಮಾಡಿ ಮಾತಾಡಲಾಗದು. ಅದನ್ನು ಓದಲು ಕಣ್ಣು ಸಾಕು, ಜೊತೆಗೆ ಹಳಗನ್ನಡ ಬಲ್ಲವರೊಬ್ಬರು. 2021ರಿಂದ ಮಿಥಿಕ್ ಸೊಸೈಟಿಯವರು ಬೆಂಗಳೂರು ಸೀಮೆಯ ಶಾಸನಗಳನ್ನು ಒಂದೊಂದಾಗಿ 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದು ಬರಿಗಣ್ಣಿಗೆ ಮಾಯವಾದ ಅಕ್ಷರ ಕಂಪ್ಯೂಟರಿನಲ್ಲಿ ಬೆಳಕನ್ನು ಓರೆ ಬೀಳಿಸಿದಾಗ ಎದ್ದು ಬರುತ್ತದೆ. ಟೇಪಿಗೆ ಆ ಭಾಗ್ಯವಿಲ್ಲ, ಅದಕ್ಕೆ ಯಂತ್ರವೇ ಬೇಕು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಕೈಚೆಲ್ಲಿತು. ಈಗ ಓಡುತ್ತಿರುವುದೆಲ್ಲ ಹಳೆಯವು; ರಬ್ಬರ್ ಬೆಲ್ಟು ಸಡಿಲವಾದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಇಲ್ಲವೇ ಭಾನುವಾರದ ಸಂತೆಯಲ್ಲಿ ಇನ್ನೊಂದು ಸತ್ತ ವಿಸಿಆರ್ ಹುಡುಕಿ ಅದರದ್ದು ಕಿತ್ತು ಹಾಕಬೇಕು. ನಮ್ಮ ಅಂಗಡಿಯವರ ಅಟ್ಟದಲ್ಲಿ ಅಂಥ ಕಳೇಬರಗಳ ಸಾಲೇ ಇದೆ. 2019ರಲ್ಲಿ ಯುನೆಸ್ಕೊ ಮತ್ತು ಧ್ವನಿ-ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಜಗತ್ತಿನ ಟೇಪುಗಳ ಬಗ್ಗೆ ಎಚ್ಚರಿಕೆ ಹೊರಡಿಸಿ 2025ರ ಗಡುವು ಹೇಳಿದ್ದವು. ಆ ಗಡುವಿಗೆ ಮುಖ್ಯ ಕಾರಣ ಟೇಪು ಕೊಳೆಯುವುದಲ್ಲ, ಓದುವ ಯಂತ್ರ, ಬಿಡಿಭಾಗ, ರಿಪೇರಿ ಬಲ್ಲ ಕೈ ಇಲ್ಲದಾಗುವುದು.

ಇನ್ನು ನಾವೇ ಅಳಿಸಿದ್ದು. ಮನುಷ್ಯ ಚಂದ್ರನ ಮೇಲೆ ಮೊದಲ ಹೆಜ್ಜೆ ಇಟ್ಟ ದೃಶ್ಯದ ಮೂಲ ಟೇಪುಗಳನ್ನು ಬಹುಶಃ ಅಳಿಸಿ ಮರುಬಳಕೆ ಮಾಡಿದ್ದೇವೆ ಎಂದು ನಾಸಾ 2009ರಲ್ಲಿ ಒಪ್ಪಿಕೊಂಡಿತು. ಅವು ಅಳಿದದ್ದು ಟೇಪಿಗೆ ಬರ ಬಂದಿದ್ದ ಕಾಲದಲ್ಲಿ. ಅವರೇ ಹಾಗಾದರೆ ನಮ್ಮ ಮನೆಗಳದ್ದೇನು? ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೆ ರೆಕಾರ್ಡ್ ಆಗದು. ಮುರಿದ ಜಾಗಕ್ಕೆ ಸೆಲೋಟೇಪ್ ಅಂಟಿಸಿದರೆ ಮತ್ತೆ ಆಗುತ್ತದೆ, ಇದು ಆಗಿನ ಹುಡುಗರಿಗೆಲ್ಲ ಗೊತ್ತಿತ್ತು. ನನಗೆ ಗೊತ್ತಿರುವ ಒಂದು ಮನೆಯಲ್ಲಿ 1996ರ ಮಾರ್ಚ್ 9ರಂದು ಖಾಲಿ ಕ್ಯಾಸೆಟ್ ಇರಲಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ-ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್. ಅಕ್ಕನ ಮದುವೆಯ ಮೇಲೆ ಮ್ಯಾಚು ಏರಿತು. ಈಗ ಆ ಕ್ಯಾಸೆಟ್ ಹಾಕಿದರೆ ವೆಂಕಟೇಶ್ ಪ್ರಸಾದ್ ಆಮೀರ್ ಸೊಹೈಲನ ಸ್ಟಂಪು ಹಾರಿಸಿ, ಆಟ ಮುಗಿದು, ಒಂದಿಷ್ಟು ಹೊತ್ತು ಪರದೆಯಲ್ಲಿ ಬಿಳಿ ಚುಕ್ಕಿಗಳ ಮಳೆ ಸುರಿದು, ಇದ್ದಕ್ಕಿದ್ದಂತೆ ಅಕ್ಕ ಕಾರು ಹತ್ತುತ್ತಾಳೆ. ಮದುವೆಯಲ್ಲಿ ಉಳಿದಿರುವುದು ಕಳಿಸಿಕೊಟ್ಟದ್ದೊಂದೇ. ಮ್ಯಾಚನ್ನು ಯೂಟ್ಯೂಬಿನಲ್ಲಿ ಬೇಕಾದಾಗ ನೋಡಬಹುದು.

ಡಿವಿಡಿ ಮಾಡಿಸಿಬಿಟ್ಟಿದ್ದೇವೆ, ನಮಗೇನು ಭಯ ಎನ್ನುವವರೂ ಇದ್ದಾರೆ. ಒಂದು ಕಾಲಕ್ಕೆ ಅದೇ ಸರಿಯಾದ ದಾರಿಯಾಗಿತ್ತು. ಆದರೆ ಅಂಗಡಿಯಲ್ಲಿ ಬರೆದುಕೊಡುವ ಡಿವಿಡಿಯಲ್ಲಿ ಚಿತ್ರವನ್ನು ಹೊತ್ತಿರುವುದು ಒಂದು ತೆಳು ಬಣ್ಣದ ಪದರ. ಬಿಸಿಲು, ಸೆಕೆಗೆ ಆ ಬಣ್ಣ ಮಾಸುತ್ತದೆ. ಟೇಪು ಹಳತಾದರೆ ಗೆರೆ ಬರುತ್ತದೆ, ಬಣ್ಣ ಹರಡುತ್ತದೆ, ಆದರೂ ಮುಖ ಗೊತ್ತಾಗುತ್ತದೆ. ಡಿವಿಡಿ ಕೆಟ್ಟರೆ ಒಂದೆರಡು ಚೌಕ ಚೌಕಗಳು ಕಂಡು, ಆಮೇಲೆ ಏನೂ ಇಲ್ಲ. ಅದೂ ಹೋಗಲಿ, ಇವತ್ತಿನ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕುವ ಬಾಯಿಯೇ ಇಲ್ಲ. ಕ್ಯಾಸೆಟ್ಟಿನ ಪಕ್ಕದಲ್ಲಿ ಡಿವಿಡಿಗಳೂ ಈಗ ಅದೇ ಮೇಜಿನ ಮೇಲೆ ಸರದಿ ಕಾಯುತ್ತಿವೆ. ಪೆನ್‌ಡ್ರೈವಿನ ಸರದಿಯೂ ಬರುತ್ತದೆ, ಬೇಸರಪಟ್ಟುಕೊಳ್ಳುವಂಥದ್ದೇನಲ್ಲ. ತಾಳೆಗರಿಯನ್ನು ನಮ್ಮ ಹಿರಿಯರು ಗೆದ್ದಲು ಹತ್ತುವ ಮೊದಲು ಪ್ರತಿ ಮಾಡುತ್ತಲೇ ಬಂದರು, ಹಾಗೆ ಮಾಡಿದ್ದರಿಂದಲೇ ಪಂಪ ನಮಗೆ ಸಿಕ್ಕಿದ್ದು.

ಪ್ರತಿ ಮಾಡುವವನ ಕೈಚಳಕದ ಬಗ್ಗೆ ಮಾತ್ರ ನನಗೆ ಅಂಜಿಕೆ. ಈಗಿನ ತಂತ್ರಾಂಶಗಳು ಮುಖ ನುಣುಪು ಮಾಡುತ್ತವೆ, ಸದ್ದು ಸೋಸುತ್ತವೆ, ಇಲ್ಲದ ಚೂಪನ್ನು ತಾವೇ ತುಂಬುತ್ತವೆ. ಟ್ರ್ಯಾಕ್ಟರಿನ ಸದ್ದು ಅವುಗಳ ಲೆಕ್ಕದಲ್ಲಿ ಗಲಾಟೆ. ಆ ಹುಡುಗನ ಕಣ್ಣನ್ನು ಚಂದ ಮಾಡಹೊರಟರೆ ಅದು ಬೇರೆ ಯಾರದೋ ಕಣ್ಣಾಗುತ್ತದೆ. ಮೂವತ್ತು ವರ್ಷದ ಹಿಂದೆ ಹೃದಯದ ಆಕಾರ ಹಾಕಿದವನ ಕೆಲಸವನ್ನೇ ಇದು ಇನ್ನಷ್ಟು ಜಾಣತನದಿಂದ ಮಾಡುತ್ತದೆ, ಅಷ್ಟೆ.

ಆದ್ದರಿಂದ ಮನೆಯಲ್ಲಿ ಕ್ಯಾಸೆಟ್ ಇಟ್ಟುಕೊಂಡವರಲ್ಲಿ ಕೇಳಿಕೊಳ್ಳುವುದು ಇಷ್ಟು. ಈ ವರ್ಷವೇ ಹಾಕಿಸಿ. ಮೊದಲಿಂದ ಕೊನೆಯವರೆಗೆ, ಬಿಳಿ ಚುಕ್ಕಿಯ ಮಳೆಯನ್ನೂ ಸೇರಿಸಿ ಹಾಕಿಕೊಡಲು ಹೇಳಿ. ಹಾಡು ಬೇಡ, ಕಟ್ ಬೇಡ ಎಂದು ಚೀಟಿಯಲ್ಲಿ ಬರೆದೇ ಕೊಡಿ. ಬಂದ ಫೈಲನ್ನು ಎರಡು ಕಡೆ ಇಡಿ, ಒಂದು ಬೇರೆ ಮನೆಯಲ್ಲಿ. ಕೆಲಸ ಮುಗಿಯಿತೆಂದು ಕ್ಯಾಸೆಟ್ಟನ್ನು ಗುಜರಿಗೆ ಹಾಕಬೇಡಿ. ಅಂಗಡಿಗೆ ಹೊರಡುವ ಮುಂಚೆ ಬೆನ್ನಿನ ಮೂಲೆಯ ಆ ಪ್ಲಾಸ್ಟಿಕ್ ಹಲ್ಲು ಇನ್ನೂ ಇದೆಯೇ ನೋಡಿ. ಇದ್ದರೆ ಮುರಿದೇ ಒಯ್ಯಿರಿ, ಒಂದು ಸ್ಕ್ರೂಡ್ರೈವರ್ ಸಾಕು.